ಮೂಲವ್ಯಾಧಿ: ಊಟ, ನೀರು, ದುಡಿಮೆ ಮತ್ತು ಹೋಮಿಯೋಪಥಿ

(ಮದ್ದೂರು ತಾಲ್ಲೂಕು ಸೋಮನಹಳ್ಳಿಯಲ್ಲಿ ಸೇರಿದ್ದ ರೈತರಿಗೆ ನೀಡಿದ ಭಾಷಣದ ಬರಹ ರೂಪ)



ಕಬ್ಬಿಗೆ ಗೊಣ್ಣೆಹುಳು ಬಿದ್ದರೆ ಊರಿಗೆಲ್ಲ ಗೊತ್ತಾಗುತ್ತದೆ. ಹಸುವಿಗೆ ಕೆಚ್ಚಲು ಬಾವು ಬಂದರೆ ಅದೇ ದಿನ ಪಶುವೈದ್ಯರಿಗೆ ಹೇಳಿ ಕಳುಹಿಸುತ್ತಾರೆ. ಆದರೆ ಮನೆಯ ಯಜಮಾನನಿಗೆ ಬಹಿರ್ದೆಸೆಗೆ ಹೋದಾಗ ರಕ್ತ ಬೀಳುತ್ತಿದ್ದರೆ ಆ ವಿಷಯ ಮನೆಯಾಕೆಗೂ ತಿಳಿಯುವುದಿಲ್ಲ. ಮನೆಯಾಕೆಗೇ ಈ ತೊಂದರೆ ಬಂದರಂತೂ ಅದು ಯಾರಿಗೂ ತಿಳಿಯುವುದಿಲ್ಲ. ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿಟ್ಟು, ಬಸ್ ನಿಲ್ದಾಣದ ಗೋಡೆಯ ಮೇಲೆ ‘ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ’ ಎಂಬ ಹಲಗೆ ಕಂಡಾಗ ಅಲ್ಲಿಗೆ ಗುಟ್ಟಾಗಿ ಹೋಗುವವರೇ ಹೆಚ್ಚು. ನಾಚಿಕೆಪಡಬೇಕಾದ ರೋಗವೇ ಇದಲ್ಲ. ಮುಚ್ಚಿಟ್ಟುದರಿಂದ ಆಗುವ ಹಾನಿ ಮಾತ್ರ ದೊಡ್ಡದು.

ಈ ಕಡೆ ಇದನ್ನು ಮೂಲ, ಮೊಳಕೆ, ಪೈಲ್ಸ್ ಎಂದೆಲ್ಲ ಕರೆಯುವುದುಂಟು. ಆಯುರ್ವೇದದಲ್ಲಿ ಇದಕ್ಕೆ ಅರ್ಶಸ್ಸು ಎಂದು ಹೆಸರು. ಗುದದ್ವಾರದ ಒಳಗೋಡೆಯಲ್ಲಿ ರಕ್ತನಾಳಗಳಿಂದ ತುಂಬಿದ ಮೆತ್ತನೆಯ ದಿಂಬುಗಳು ಎಲ್ಲ ಮನುಷ್ಯರಲ್ಲಿಯೂ ಇರುತ್ತವೆ. ತೂಬಿನ ಬಾಯಿಗೆ ಒತ್ತಿಟ್ಟ ಗೋಣಿತಟ್ಟು ನೀರು ಜಿನುಗದಂತೆ ತಡೆಯುವ ಹಾಗೆ, ಈ ದಿಂಬುಗಳು ವಾಯು ಮತ್ತು ಮಲ ತಾವಾಗಿ ಸೋರದಂತೆ ನೋಡಿಕೊಳ್ಳುತ್ತವೆ. ದಿಂಬು ಇರುವುದು ರೋಗವಲ್ಲ. ಮಲ ಗಟ್ಟಿಯಾಗಿ ದಿನವೂ ತಿಣುಕಬೇಕಾದಾಗ ಈ ದಿಂಬುಗಳು ಉಬ್ಬುತ್ತವೆ, ಹಿಡಿತ ಸಡಿಲವಾಗಿ ಕೆಳಕ್ಕೆ ಜಾರುತ್ತವೆ. ಅದೇ ಮೂಲವ್ಯಾಧಿ.

ಒಳಗಿನ ಮೂಲದಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ. ಮಲ ಬಿದ್ದ ಮೇಲೆ ಕೆಂಪಾದ ಹೊಸ ರಕ್ತ ತೊಟ್ಟಿಕ್ಕುತ್ತದೆ. ಮೊದಲ ಹಂತದಲ್ಲಿ ರಕ್ತ ಮಾತ್ರ. ಎರಡನೆಯದರಲ್ಲಿ ಮೊಳಕೆ ಹೊರಬಂದು ತಾನೇ ಒಳಗೆ ಹೋಗುತ್ತದೆ. ಮೂರನೆಯದರಲ್ಲಿ ಬೆರಳಿನಿಂದ ಒಳಗೆ ತಳ್ಳಬೇಕು. ನಾಲ್ಕನೆಯದರಲ್ಲಿ ತಳ್ಳಿದರೂ ಹೋಗದು. ಹೊರಗಿನ ಮೂಲದಲ್ಲಿ ಒಮ್ಮೊಮ್ಮೆ ರಕ್ತ ಹೆಪ್ಪುಗಟ್ಟಿ, ಕೂರಲೂ ಆಗದಂಥ ನೋವು ಬರುತ್ತದೆ. ಮಲ ಬೀಳುವಾಗ ಬ್ಲೇಡಿನಿಂದ ಕುಯ್ದಂತೆ ನೋವಾದರೆ ಅದು ಬಹುಮಟ್ಟಿಗೆ ಮೂಲವಲ್ಲ, ಗುದದ ಬಿರುಕು. ಪಕ್ಕದಲ್ಲಿ ಕುರುವಾಗಿ ಕೀವು ಸೋರುತ್ತಿದ್ದರೆ ಅದು ಭಗಂದರ. ಜನರು ಈ ಮೂರನ್ನೂ ‘ಮೂಲ’ ಎಂದೇ ಕರೆಯುತ್ತಾರೆ. ಔಷಧಿ ಮಾರುವವರಿಗೂ ಈ ಗೊಂದಲವೇ ಅನುಕೂಲ.

ಇದು ಬರಲು ‘ಉಷ್ಣ’ ಕಾರಣವೆಂದು ಹಳ್ಳಿಯಲ್ಲಿ ಹೇಳುತ್ತಾರೆ. ಕೋಳಿ ತಿಂದರೆ ಉಷ್ಣ, ಮೊಟ್ಟೆ ತಿಂದರೆ ಉಷ್ಣ ಎಂಬ ಮಾತಿದೆ. ಬಾಡೂಟದ ಮಾರನೆಯ ದಿನ ತೊಂದರೆ ಹೆಚ್ಚುವುದು ಸುಳ್ಳೇನಲ್ಲ. ಆದರೆ ಆ ದಿನದ ಎಲೆಯ ಮೇಲೆ ಏನಿರಲಿಲ್ಲ ಎಂಬುದನ್ನು ನೋಡಬೇಕು. ಸೊಪ್ಪು ಇರಲಿಲ್ಲ, ಕಾಳು ಇರಲಿಲ್ಲ, ಮಜ್ಜಿಗೆ ಇರಲಿಲ್ಲ. ಜೊತೆಗೆ ಮದ್ಯ ಸೇರಿದ್ದರೆ ಮೈಯ ನೀರೂ ಹೋಯಿತು. ಖಾರದಿಂದ ಮೂಲ ಹುಟ್ಟುವುದಿಲ್ಲ. ಆದರೆ ಆಗಲೇ ಇರುವ ಹುಣ್ಣಿಗೆ, ಬಿರುಕಿಗೆ ಖಾರ ತಗುಲಿದರೆ ಉರಿಯುತ್ತದೆ.

ಮಂಡ್ಯದ ಊಟ ಬದಲಾದ ಕಥೆಯನ್ನು ಇಲ್ಲಿ ನೆನೆಯುವುದು ಒಳಿತು. ಕನ್ನಂಬಾಡಿ ಕಟ್ಟೆಯ ನಾಲೆಯ ನೀರು 1930ರ ದಶಕದಲ್ಲಿ ಬರುವ ಮೊದಲು ಈ ಸೀಮೆ ಬಹುಪಾಲು ರಾಗಿಯ ಸೀಮೆ. ನೀರು ಬಂದ ಮೇಲೆ ಭತ್ತ, ಕಬ್ಬು ಬಂದವು. ಅನ್ನ ಹಬ್ಬದ ದಿನದಿಂದ ದಿನದ ಊಟಕ್ಕೆ ಇಳಿಯಿತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗಿಂತಲೂ ಕಡಿಮೆ. ಈ ನಾರು ಜೀರ್ಣವಾಗದೆ ಕರುಳಿನಲ್ಲಿ ಉಳಿದು, ನೀರು ಹೀರಿ, ಮಲವನ್ನು ಮೆತ್ತಗೂ ದಪ್ಪವಾಗಿಯೂ ಮಾಡುತ್ತದೆ. ಬೆಳೆದವರಿಗೆ ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. ಎರಡು ಹೊತ್ತು ಮುದ್ದೆ, ಒಂದು ಹೊತ್ತು ಸೊಪ್ಪು ಮತ್ತು ಕಾಳು ಉಂಡವರಿಗೆ ಇದು ತಾನಾಗಿ ಒದಗುತ್ತದೆ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ ಉಂಡವರಿಗೆ ಅದರ ಅರ್ಧವೂ ಸಿಗುವುದು ಕಷ್ಟ.

ಮಂಡ್ಯದ ವಿ.ಸಿ. ಫಾರಂನಲ್ಲಿ ಕುಳಿತು ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಸೇರಿಸಿ ಇಂಡಾಫ್ ತಳಿಗಳನ್ನು ಹೊರತಂದರು. ಅಷ್ಟು ಶ್ರಮದಿಂದ ಇಳುವರಿ ಹೆಚ್ಚಿಸಿದ ರಾಗಿಯನ್ನು ಮಾರಿ, ಆ ದುಡ್ಡಿನಲ್ಲಿ ಬಿಸ್ಕತ್ತು ತಂದು ತಿನ್ನುವುದು ಯಾವ ಲೆಕ್ಕಾಚಾರವೋ ತಿಳಿಯದು! ಇನ್ನೊಂದು ಮಾತು. ಮುದ್ದೆ ನುಣ್ಣಗೆ ಬರಲೆಂದು ರಾಗಿ ಹಿಟ್ಟನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುವ ರೂಢಿ ಕೆಲವು ಮನೆಗಳಲ್ಲಿದೆ. ಹಾಗೆ ತೆಗೆದು ದನಕ್ಕೆ ಹಾಕುವ ತೌಡಿನಲ್ಲಿಯೇ ಬೇಕಾದ ನಾರು ಇರುತ್ತದೆ. ಕಲ್ಲು, ಕಸ ಹೋಗುವಷ್ಟು ಜರಡಿ ಹಿಡಿದರೆ ಸಾಕು.

ಸೊಪ್ಪಿಗೆ ಹಣ ಕೊಡಬೇಕಾದ ಊರು ಇದಲ್ಲ. ಬದುವಿನ ಮೇಲೆ ಅಣ್ಣೆಸೊಪ್ಪು, ಗೋಣಿಸೊಪ್ಪು, ಹೊನಗೊನ್ನೆ ಬೆಳೆಯುತ್ತವೆ. ಹಿತ್ತಲಿನಲ್ಲಿ ನುಗ್ಗೆ ಇದೆ. ಆದರೆ ಕಳೆನಾಶಕ ಸಿಂಪಡಿಸಿದ ಹೊಲದ ಬೆರಕೆ ಸೊಪ್ಪನ್ನು ಕೀಳಬಾರದು. ಬಸ್ಸಾರು, ಉಪ್ಪೆಸರು, ಮಸೊಪ್ಪು ಈ ಜಿಲ್ಲೆಯ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಪ್ಪೆಸರಿನಲ್ಲಿ ಗಂಡಸರು ತಿಳಿಯನ್ನಷ್ಟೇ ಸುರಿದುಕೊಂಡು, ಬೆಂದ ಸೊಪ್ಪು ಕಾಳನ್ನು ತಟ್ಟೆಯ ಅಂಚಿಗೆ ತಳ್ಳುವುದುಂಟು. ಔಷಧಿ ಇರುವುದು ಆ ಅಂಚಿನಲ್ಲಿ. ಹುರುಳಿ, ಅವರೆ, ಅಲಸಂದೆ, ಸೀಬೆಹಣ್ಣು, ಪರಂಗಿ ಇವೆಲ್ಲವೂ ಒಳ್ಳೆಯವೇ.

ನಾರಿನ ಈ ಗುಣ ಬರಿಯ ಅಜ್ಜಿಯ ಮಾತಲ್ಲ. ಮೂಲವ್ಯಾಧಿಯ ರೋಗಿಗಳಿಗೆ ನಾರು ಕೊಟ್ಟು, ಹೋಲಿಕೆಗಾಗಿ ಬೇರೆ ಗುಂಪಿಗೆ ಕೊಡದೆ ನಡೆಸಿದ 7 ಪ್ರಯೋಗಗಳ, ಒಟ್ಟು 378 ರೋಗಿಗಳ ಫಲಿತಾಂಶವನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟಿಸಿದಾಗ, ನಾರು ತೆಗೆದುಕೊಂಡವರಲ್ಲಿ ರಕ್ತ ಬೀಳುವ ಸಂಭವ ಸುಮಾರು ಅರ್ಧಕ್ಕೆ ಇಳಿದದ್ದು ಕಂಡಿತು. ಊಟದಿಂದ ಸಾಲದಿದ್ದರೆ ಅಂಗಡಿಯಲ್ಲಿ ಸಿಗುವ ಇಸಬಗೋಲಿನ ಹೊಟ್ಟನ್ನು ಒಂದು ಚಮಚದಿಂದ ಪ್ರಾರಂಭಿಸಿ, ನಿಧಾನವಾಗಿ ಎರಡಕ್ಕೆ ಏರಿಸಿ, ದೊಡ್ಡ ಲೋಟ ನೀರಿನಲ್ಲಿ ಕದಡಿ ಕೂಡಲೇ ಕುಡಿಯಬೇಕು. ಒಣದಾಗಿ ಬಾಯಿಗೆ ಹಾಕಿಕೊಂಡರೆ ಗಂಟಲಿನಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಅಪಾಯವಿದೆ. ಮೊದಲ ದಿನಗಳಲ್ಲಿ ವಾಯು ಹೆಚ್ಚಾದರೆ ಹೆದರಬೇಕಾಗಿಲ್ಲ. ಗುಣ ಕಾಣಿಸಲು ಕೆಲವು ವಾರಗಳು ಬೇಕಾಗುತ್ತವೆ. ಹರಳೆಣ್ಣೆ, ಭೇದಿ ಮಾತ್ರೆಗಳನ್ನು ದಿನನಿತ್ಯದ ಅಭ್ಯಾಸ ಮಾಡಿಕೊಳ್ಳುವುದು ಸರಿಯಲ್ಲ.

ನಾರು ಹೆಚ್ಚಿಸಿ ನೀರು ಹೆಚ್ಚಿಸದಿದ್ದರೆ ಗೊಬ್ಬರ ಹಾಕಿ ನೀರು ಕಟ್ಟದ ಗದ್ದೆಯಂತಾಗುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವರ ಮೈಯಿಂದ ಬೆವರು ಹರಿಯುತ್ತಿರುತ್ತದೆ. ಅವರು ಕುಡಿಯುವುದು ಟೀ. ಕಬ್ಬು ಕಡಿಯುವವರೂ ಹಾಗೆಯೇ. ಮೂತ್ರ ಹಳದಿಯಾಗಿ ಉರಿಯುತ್ತಿದ್ದರೆ ನೀರು ಸಾಲದು ಎಂದು ತಿಳಿಯಬೇಕು. ನೀರು, ನೀರು ಮಜ್ಜಿಗೆ, ರಾಗಿ ಅಂಬಲಿ ಯಾವುದಾದರೂ ಆದೀತು. ಮದ್ದೂರಿನ ಮಾರುಕಟ್ಟೆಗೆ ಲಾರಿಗಟ್ಟಲೆ ಎಳನೀರು ಕಳುಹಿಸುವ ರೈತ ತಾನು ಒಂದನ್ನೂ ಕುಡಿಯದೆ ಬರುವುದುಂಟು. ಮೂತ್ರಪಿಂಡದ ಅಥವಾ ಹೃದಯದ ರೋಗವಿರುವವರು ಮಾತ್ರ ನೀರಿನ, ಎಳನೀರಿನ ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿಯಬೇಕು.

ಇನ್ನು ಹೊತ್ತಿನ ವಿಷಯ. ಬೆಳಿಗ್ಗೆ ಎದ್ದು ಏನನ್ನಾದರೂ ಕುಡಿದು ತಿಂದ ಸ್ವಲ್ಪ ಹೊತ್ತಿಗೆ ಕರುಳು ತಾನೇ ಚಲಿಸುತ್ತದೆ. ಆಗ ಬಂದ ಕರೆಯನ್ನು ತಡೆದರೆ ಮಲ ಒಳಗೇ ಉಳಿದು, ಅದರ ನೀರನ್ನು ಕರುಳು ಹೀರಿ, ಗಟ್ಟಿಯಾಗುತ್ತದೆ. ಪಂಪ್‌ಸೆಟ್ಟಿಗೆ ರಾತ್ರಿ ಕರೆಂಟ್ ಕೊಟ್ಟರೆ ರೈತ ರಾತ್ರಿ ಎದ್ದಿರುತ್ತಾನೆ. ಬೆಳಗಿನ ಹೊತ್ತು ತಪ್ಪುತ್ತದೆ. ನಸುಕಿನಲ್ಲೇ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಹುಡುಗರದೂ ಇದೇ ಪಾಡು. ಹೆಣ್ಣುಮಕ್ಕಳು ಕತ್ತಲಾಗುವವರೆಗೆ ತಡೆದುಕೊಳ್ಳುವ ಕಾಲವಿತ್ತು. 2014ರಲ್ಲಿ ಪ್ರಾರಂಭವಾದ ಸ್ವಚ್ಛ ಭಾರತ ಯೋಜನೆಯಲ್ಲಿ ಮನೆಮನೆಗೆ ಶೌಚಾಲಯ ಬಂದಿತು. ಅದರೊಳಗೆ ಸೌದೆ, ಗೊಬ್ಬರದ ಚೀಲ ತುಂಬಿಟ್ಟಿರುವ ಮನೆಯವರು ಈ ದಿನವೇ ಅದನ್ನು ತೆರವು ಮಾಡಬೇಕು.

ಕುಕ್ಕರಗಾಲಿನಲ್ಲಿ ಕೂರುವ ಹಳೆಯ ಪದ್ಧತಿ ಒಳ್ಳೆಯದೇ. ಹೊಸ ಮನೆಗಳಲ್ಲಿ ಕಮೋಡ್ ಹಾಕಿಸಿರುವವರು ಕಾಲಡಿಗೆ ಒಂದು ಮಣೆ ಇಟ್ಟುಕೊಂಡು ಮೊಣಕಾಲು ಮೇಲಾಗುವಂತೆ ಕೂರಬಹುದು. ಐದು ನಿಮಿಷಕ್ಕಿಂತ ಹೆಚ್ಚು ಕೂರಬಾರದು. ಬರದಿದ್ದರೆ ಎದ್ದು ಬಂದು, ಕರೆ ಬಂದಾಗ ಮತ್ತೆ ಹೋಗಬೇಕು. ಮೊಬೈಲನ್ನು ಹೊರಗಿಟ್ಟು ಹೋದರೆ ಐದು ನಿಮಿಷ ಎಂಬುದು ಐದೇ ನಿಮಿಷವಾಗುತ್ತದೆ.

ದುಡಿಮೆಯಲ್ಲಿ ಭಾರ ಎತ್ತುವಾಗ ಉಸಿರು ಬಿಗಿಹಿಡಿದು ಹೊಟ್ಟೆ ಮುಕ್ಕುವುದೂ ತಿಣುಕಿದಂತೆಯೇ. ಕಬ್ಬಿನ ಹೊರೆಯನ್ನು ಗಾಡಿಗೆ ಹಾಕುವವರು ಮೊಣಕಾಲು ಬಗ್ಗಿಸಿ, ಉಸಿರು ಬಿಡುತ್ತ ಎತ್ತಬೇಕು; ಹೊರೆ ಸಣ್ಣದಾಗಿದ್ದರೆ ಇನ್ನೂ ಮೇಲು. ಟ್ರಾಕ್ಟರ್ ಓಡಿಸುವವರು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ಓಡಾಡಬೇಕು.

ನೋವು, ಊತ ಇರುವಾಗ ಅಗಲವಾದ ಟಬ್ಬಿನಲ್ಲಿ ಉಗುರು ಬೆಚ್ಚನೆಯ ನೀರು ಹಾಕಿ, ಸೊಂಟ ಮುಳುಗುವಂತೆ ಹತ್ತು ಹದಿನೈದು ನಿಮಿಷ, ದಿನಕ್ಕೆ ಎರಡು ಮೂರು ಬಾರಿ ಕೂರುವುದರಿಂದ ಬಹಳ ಹಿತವಾಗುತ್ತದೆ. ನೀರಿಗೆ ಏನನ್ನೂ ಬೆರೆಸಬೇಕಾಗಿಲ್ಲ.

ಬಸುರಿಯರಲ್ಲಿ, ಬಾಣಂತಿಯರಲ್ಲಿ ಮೂಲವ್ಯಾಧಿ ಸಾಮಾನ್ಯ. ಗರ್ಭದ ಭಾರ, ಹೆರಿಗೆಯ ತಿಣುಕು ಎರಡೂ ಸೇರುತ್ತವೆ. ಅದರ ಮೇಲೆ ನಮ್ಮ ಕಡೆ ಬಾಣಂತಿಗೆ ನೀರು ಕಡಿಮೆ ಕೊಡುವ, ಸೊಪ್ಪು ತರಕಾರಿ ಮುಟ್ಟಿಸದ ಪದ್ಧತಿ ಇದೆ. ಬರಿಯ ಅನ್ನ, ಮೆಣಸಿನ ಸಾರು ಉಣ್ಣಿಸಿ ಬಾಯಾರಿಕೆಗೂ ಗುಟುಕು ನೀರು ಎಂದರೆ ಮಲ ಕಲ್ಲಾಗದೆ ಇನ್ನೇನಾದೀತು? ಮನೆಯ ಹಿರಿಯ ಹೆಂಗಸರು ಪ್ರೀತಿಯಿಂದಲೇ ಮಾಡುವ ಈ ಪಥ್ಯವನ್ನು ಬಿಡುವುದು ಒಳ್ಳೆಯದು. ಮಗುವಿಗೆ ಹಾಲೂಡುವ ತಾಯಿಗೆ ನೀರು ಇನ್ನೂ ಹೆಚ್ಚು ಬೇಕು. ಸರ್ಕಾರದಿಂದ ಕೊಡುವ ಕಬ್ಬಿಣದ ಮಾತ್ರೆಯಿಂದ ಕೆಲವರಿಗೆ ಹೊಟ್ಟೆ ಕಟ್ಟುತ್ತದೆ, ಮಲ ಕಪ್ಪಾಗುತ್ತದೆ. ಅದಕ್ಕಾಗಿ ಮಾತ್ರೆ ಬಿಸಾಡದೆ ಸೊಪ್ಪು, ನೀರು ಹೆಚ್ಚಿಸಿ, ಆಶಾ ಕಾರ್ಯಕರ್ತೆಗೆ ತಿಳಿಸಬೇಕು.

ಈಗ ಹೋಮಿಯೋಪಥಿಯ ವಿಷಯಕ್ಕೆ ಬರಬಹುದು. ಮೂಲವ್ಯಾಧಿ ಎಂದೊಡನೆ ಅನೇಕರು ಹುಡುಕಿಕೊಂಡು ಹೋಗುವುದು ಸಣ್ಣ ಬಿಳಿ ಗುಳಿಗೆಗಳನ್ನೇ. ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಹಾನಿಮನ್ 1796ರಿಂದ ಈ ಪದ್ಧತಿಯನ್ನು ಬೆಳೆಸಿದರು. ಕರ್ನಾಟಕದಲ್ಲಿ ಇದಕ್ಕೆ ಹಳೆಯ ಬೇರಿದೆ. ಜರ್ಮನಿಯಿಂದ ಬಂದ ಫಾದರ್ ಮುಲ್ಲರ್ ಅವರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡತೊಡಗಿದರು. ಅದೇ ಮುಂದೆ ದೊಡ್ಡ ಆಸ್ಪತ್ರೆಯಾಗಿ ಬೆಳೆಯಿತು. ಕೇಂದ್ರ ಸರ್ಕಾರ 1973ರಲ್ಲಿ ಕಾನೂನು ಮಾಡಿ ಈ ಪದ್ಧತಿಯ ಶಿಕ್ಷಣವನ್ನು ಕ್ರಮಕ್ಕೆ ತಂದಿತು. 2020ರಲ್ಲಿ ಹೊಸ ಕಾನೂನು ಬಂದಿತು.

ಹೋಮಿಯೋಪಥಿ ವೈದ್ಯರು ಮೂಲವ್ಯಾಧಿಗೆ ಎಸ್ಕುಲಸ್, ಹಮಾಮೆಲಿಸ್, ಕಾಲಿನ್ಸೋನಿಯಾ, ನಕ್ಸ್ ವಾಮಿಕಾ, ಆಲೋ, ಸಲ್ಫರ್ ಮುಂತಾದವುಗಳನ್ನು ಕೊಡುತ್ತಾರೆ. ಹೆಸರು ಹೊಸದಾದರೂ ಕೆಲವು ವಸ್ತು ರೈತರಿಗೆ ಪರಿಚಿತವೇ. ನಕ್ಸ್ ವಾಮಿಕಾ ಎಂದರೆ ವಿಷದ ಕಾಸರಕ. ಆಲೋ ಎಂದರೆ ಲೋಳೆಸರದ ಜಾತಿ. ಸಲ್ಫರ್ ಎಂದರೆ ಬೂದಿರೋಗಕ್ಕೆ ಹೊಡೆಯುವ ಗಂಧಕ. ರಕ್ತ ಹೆಚ್ಚಾಗಿದ್ದರೆ ಹಮಾಮೆಲಿಸ್, ಕಡ್ಡಿ ಚುಚ್ಚಿದಂಥ ನೋವಿದ್ದರೆ ಎಸ್ಕುಲಸ್ ಎಂದು ಅವರು ಲಕ್ಷಣ ನೋಡಿ ಆರಿಸುತ್ತಾರೆ.

ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಮುಚ್ಚುಮರೆಯಿಲ್ಲದ ಉತ್ತರ ಬೇಕು. ಲೀಟರಿಗೆ ಇಷ್ಟು ಮಿಲಿಲೀಟರ್ ಎಂದು ಔಷಧಿ ಬೆರೆಸುವುದು ರೈತನಿಗೆ ಗೊತ್ತು. ಹೋಮಿಯೋಪಥಿಯ ಸೀಸೆಯ ಮೇಲೆ ‘30’ ಎಂದಿದ್ದರೆ, ಒಂದು ಭಾಗವನ್ನು ನೂರು ಭಾಗಕ್ಕೆ ಬೆರೆಸಿ, ಅದರಲ್ಲಿ ಒಂದು ಭಾಗ ತೆಗೆದು ಮತ್ತೆ ನೂರಕ್ಕೆ ಬೆರೆಸಿ, ಹೀಗೆ 30 ಬಾರಿ ಮಾಡಿದ್ದು ಎಂದರ್ಥ. ರಸಾಯನಶಾಸ್ತ್ರದ ಲೆಕ್ಕದಂತೆ 12 ಬಾರಿ ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣು ಉಳಿದಿರುವುದೂ ಅನುಮಾನ. ಹೋಮಿಯೋಪಥಿಯವರು ಇದಕ್ಕೆ ಬೇರೆ ವಿವರಣೆ ಕೊಡುತ್ತಾರೆ. ವಿಜ್ಞಾನ ಅದನ್ನು ಒಪ್ಪಿಲ್ಲ. 2015ರಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ಸಂಶೋಧನಾ ಮಂಡಳಿ ಲಭ್ಯವಿದ್ದ ಪ್ರಯೋಗಗಳನ್ನೆಲ್ಲ ಪರಿಶೀಲಿಸಿ, ಹೋಮಿಯೋಪಥಿ ಪರಿಣಾಮಕಾರಿ ಎಂಬುದಕ್ಕೆ ಯಾವ ಕಾಯಿಲೆಯಲ್ಲಿಯೂ ನಂಬಲರ್ಹ ಪುರಾವೆ ಇಲ್ಲವೆಂದು ಹೇಳಿತು. ಭಾರತದಲ್ಲಿ ಮೂಲವ್ಯಾಧಿಯ ಮೇಲೆ ನಡೆದ ಪ್ರಯೋಗಗಳಲ್ಲಿ ಅನುಕೂಲ ಕಂಡಿತೆಂಬ ವರದಿ ಇದೆ. ಬೇರೆಯವರು ಮತ್ತೆ ಮಾಡಿ ಗಟ್ಟಿಪಡಿಸುವವರೆಗೆ ಅದನ್ನು ಕೊನೆಯ ಮಾತೆಂದು ಹಿಡಿಯಲಾಗದು.

ಹಾಗಾದರೆ ಗುಳಿಗೆ ತಿಂದು ಗುಣವಾಯಿತು ಎನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಅಲಸಂದೆಗೆ ಹೇನು ಬಿದ್ದಾಗ ಔಷಧಿ ಹೊಡೆದ ಮಾರನೆಯ ದಿನ ಜೋರು ಮಳೆ ಬಂದು ಹೇನು ತೊಳೆದು ಹೋದರೆ, ಗುಣ ಔಷಧಿಯದೋ ಮಳೆಯದೋ? ಅದಕ್ಕಾಗಿಯೇ ಕೃಷಿ ಪ್ರಯೋಗದಲ್ಲಿ ಏನನ್ನೂ ಹೊಡೆಯದ ಒಂದು ಹೋಲಿಕೆ ತಾಕು ಬಿಡುತ್ತಾರೆ. ಮೂಲವ್ಯಾಧಿಯ ಉಪದ್ರವ ಏರಿ, ಕೆಲವು ದಿನಗಳಲ್ಲಿ ತಾನೇ ಇಳಿಯುವ ಸ್ವಭಾವದ್ದು. ಜನರು ವೈದ್ಯರ ಬಳಿ ಹೋಗುವುದು ಅದು ಏರಿದಾಗ. ಇಳಿದಾಗ ಹೆಸರು ಗುಳಿಗೆಗೆ ಬರುತ್ತದೆ. ಅದಲ್ಲದೆ ಒಳ್ಳೆಯ ಹೋಮಿಯೋಪಥಿ ವೈದ್ಯರು ಅರ್ಧ ಗಂಟೆ ಕೂರಿಸಿಕೊಂಡು ಊಟ, ನಿದ್ರೆ, ಮಲದ ವಿಷಯವನ್ನೆಲ್ಲ ಕೇಳುತ್ತಾರೆ. ಮದ್ಯ ಬಿಡಿ, ಸೊಪ್ಪು ತಿನ್ನಿ ಎನ್ನುತ್ತಾರೆ. ಯಾರಿಗೂ ಹೇಳದಿದ್ದ ನೋವನ್ನು ಮೊದಲ ಬಾರಿಗೆ ಹೇಳಿಕೊಂಡಾಗಲೇ ರೋಗಿಗೆ ಅರ್ಧ ಸಮಾಧಾನವಾಗುತ್ತದೆ. ಗಡಿಬಿಡಿಯ ಆಸ್ಪತ್ರೆಗಳು ಇದನ್ನು ಕಲಿಯಬೇಕಾಗಿದೆ.

ಆದ್ದರಿಂದ ಗುಳಿಗೆ ತೆಗೆದುಕೊಳ್ಳಬೇಕೆಂಬ ಮನಸ್ಸಿರುವವರು ಮೊದಲು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ, ಇದು ಮೂಲವ್ಯಾಧಿಯೇ ಎಂದು ಖಚಿತ ಮಾಡಿಕೊಳ್ಳಬೇಕು. ನೋಂದಾಯಿತ ಹೋಮಿಯೋಪಥಿ ವೈದ್ಯರ ಬಳಿಯೇ ಹೋಗಬೇಕು. ನಾರು, ನೀರು, ಬೇರೆ ಔಷಧಿಗಳನ್ನು ನಿಲ್ಲಿಸಬಾರದು. ಪ್ರಾರಂಭಿಸಿದ ದಿನವನ್ನು ಪಂಚಾಂಗದ ಮೇಲೆ ಗುರುತು ಹಾಕಿ, ರಕ್ತ ಬಿದ್ದ ದಿನಕ್ಕೆಲ್ಲ ಒಂದು ಚುಕ್ಕೆ ಇಡಬೇಕು. ಮೂರು ವಾರದಲ್ಲಿ ಚುಕ್ಕೆ ಕಡಿಮೆಯಾಗದಿದ್ದರೆ ಅಲ್ಲಿಗೆ ಸಾಕು. ‘ಮದರ್ ಟಿಂಕ್ಚರ್’ ಎಂಬ ದ್ರವ ಗುಳಿಗೆಯಂತಲ್ಲ. ಅದರಲ್ಲಿ ಮೂಲವಸ್ತುವೂ ಮದ್ಯಸಾರವೂ ಇರುತ್ತವೆ. ಬಸುರಿಯರು, ಮಕ್ಕಳು, ಪಿತ್ತಜನಕಾಂಗದ ರೋಗವುಳ್ಳವರು ಅದನ್ನು ತಾವಾಗಿ ಕುಡಿಯಕೂಡದು.

ಗುಳಿಗೆಯಿಂದ ಕೇಡಾಗುವುದು ಬಹಳ ವಿರಳ. ಕೇಡು ಕಾಯುವುದರಲ್ಲಿದೆ. ದಿನಕ್ಕೆ ಒಂದಿಷ್ಟು ರಕ್ತ ತಿಂಗಳುಗಟ್ಟಲೆ ಹೋದರೆ ರಕ್ತಹೀನತೆ ಬರುತ್ತದೆ. ಗದ್ದೆಯ ಬದು ಹತ್ತುವಾಗ ಏದುಸಿರು, ಕಣ್ಣು ಕತ್ತಲೆ. ವಯಸ್ಸಾಯಿತು ಎಂದುಕೊಂಡು ಸುಮ್ಮನಾಗುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಹನಿ ರಕ್ತದಿಂದ ಹಿಮೋಗ್ಲೋಬಿನ್ ನೋಡುತ್ತಾರೆ. ಗಂಡಸರಿಗೆ 13, ಹೆಂಗಸರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಇನ್ನೂ ದೊಡ್ಡ ಭಯ ದೊಡ್ಡ ಕರುಳಿನ, ಗುದದ ಕ್ಯಾನ್ಸರ್. ಅದೂ ಮೊದಲು ಹೀಗೆಯೇ ರಕ್ತವಾಗಿ ಕಾಣಿಸಿಕೊಳ್ಳಬಹುದು. ಮೂಲವೆಂದು ತಾವೇ ತೀರ್ಮಾನಿಸಿ ಒಂದು ವರ್ಷ ಗುಳಿಗೆ, ಒಂದು ವರ್ಷ ನಾಟಿ ಔಷಧಿ ಎಂದು ಕಳೆದವರಿಗೆ ಆ ಎರಡು ವರ್ಷ ಮರಳಿ ಬರುವುದಿಲ್ಲ. ರಕ್ತ ಮಲದಲ್ಲಿಯೇ ಬೆರೆತು ಬಂದರೆ, ಮಲ ಟಾರಿನಂತೆ ಕಪ್ಪಾದರೆ, ತೂಕ ಇಳಿದರೆ, ಮಲದ ರೂಢಿ ವಾರಗಟ್ಟಲೆ ಬದಲಾದರೆ, ನಾಲ್ವತ್ತೈದು ದಾಟಿದವರಿಗೆ ಹೊಸದಾಗಿ ರಕ್ತ ಕಂಡರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇದ್ದರೆ ತಡಮಾಡದೆ ತೋರಿಸಬೇಕು. ಜ್ವರದೊಡನೆ ನೋವು, ಒಳಗೆ ಹೋಗದ ನೋವಿನ ಮೊಳಕೆ, ನಿಲ್ಲದ ರಕ್ತ ಕಂಡರೆ ಆ ದಿನವೇ ಹೋಗಬೇಕು.

ಆಪರೇಷನ್ ಎಂಬ ಭಯ ಅನೇಕರನ್ನು ಹಿಂದೆ ಎಳೆಯುತ್ತದೆ. ಆದರೆ ಹೆಚ್ಚಿನವರಿಗೆ ಅದು ಬೇಕಾಗುವುದೇ ಇಲ್ಲ. ಊಟ, ನೀರಿನಿಂದ ನಿಲ್ಲದ ಒಳಮೂಲಕ್ಕೆ ಸಣ್ಣ ರಬ್ಬರ್ ಉಂಗುರ ಹಾಕುವ ಕ್ರಮವಿದೆ. ರಕ್ತ ಹರಿಯುವುದು ನಿಂತು ಮೊಳಕೆ ಸುಮಾರು ಒಂದು ವಾರದಲ್ಲಿ ಒಣಗಿ ಉದುರುತ್ತದೆ; ರೋಗಿ ಅದೇ ದಿನ ಮನೆಗೆ ಬರಬಹುದು. ನಾಲ್ಕನೆಯ ಹಂತಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕು. ಭಗಂದರಕ್ಕೆ ಆಯುರ್ವೇದದ ಕ್ಷಾರಸೂತ್ರ ಉಪಯುಕ್ತವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗದಿಂದ 1991ರಲ್ಲಿಯೇ ತಿಳಿದುಬಂದಿದೆ. ಅದನ್ನು ತರಬೇತಿ ಪಡೆದ ಆಯುರ್ವೇದ ವೈದ್ಯರು ಮಾಡಬೇಕು. ಹಲಗೆ ಹಾಕಿಕೊಂಡು ಕೂತ ಪದವಿಯಿಲ್ಲದವರು ಚುಚ್ಚುವ ಇಂಜೆಕ್ಷನ್, ಸುಡುವ ಪುಡಿಯಿಂದ ಗುದ ಕೊಳೆತು, ಮುಚ್ಚಿಕೊಂಡು, ಮಲ ತಡೆಯಲಾರದ ಸ್ಥಿತಿ ಬರಬಹುದು. ಅದಕ್ಕೆ ಕೊಟ್ಟ ಹಣದ ಹಲವು ಪಟ್ಟು ಮತ್ತೆ ಖರ್ಚಾಗುತ್ತದೆ.

ಗ್ರಾಮಸೇವಕರು, ವಿಸ್ತರಣಾ ಕಾರ್ಯಕರ್ತರು ಇದನ್ನು ವೇದಿಕೆಯ ಮೇಲೆ ಹೇಳಿದರೆ ಜನ ನಗುತ್ತಾರೆ. ಗದ್ದೆಯ ಬದುವಿನ ಮೇಲೆ ಒಬ್ಬೊಬ್ಬರನ್ನೇ ‘ಹೊಟ್ಟೆ ಸರಿಯಾಗಿ ಹೋಗುತ್ತದೆಯೇ, ರಕ್ತ ಏನಾದರೂ ಕಂಡಿತೇ’ ಎಂದು ಕೇಳಿದರೆ ಹೇಳುತ್ತಾರೆ. ಮದ್ದೂರಿನ ತಾಲ್ಲೂಕು ಆಸ್ಪತ್ರೆಗೆ ಹೋದಾಗ ಚೀಟಿ ಬರೆಯುವ ಕಿಟಕಿಯಲ್ಲಿ ನಾಲ್ಕು ಜನರ ಮುಂದೆ ಏನನ್ನೂ ವಿವರಿಸಬೇಕಾಗಿಲ್ಲ. ‘ಶಸ್ತ್ರವೈದ್ಯರನ್ನು ಕಾಣಬೇಕು’ ಎಂದರೆ ಸಾಕು. ಅಲ್ಲಿ ಆಗದ್ದನ್ನು ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ಕಳುಹಿಸುತ್ತಾರೆ. ತೆಗೆದುಕೊಳ್ಳುತ್ತಿರುವ ಗುಳಿಗೆ, ಪುಡಿ, ಬೇರೆ ರೋಗದ ಮಾತ್ರೆ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನು ಮೊದಲು ಹೇಳಬೇಕು. ವೈದ್ಯರು ಎಡಮಗ್ಗುಲಿಗೆ ಮಲಗಿಸಿ, ಕೈಚೀಲ ಹಾಕಿದ ಬೆರಳಿನಿಂದಲೂ ಸಣ್ಣ ನಳಿಗೆಯಿಂದಲೂ ನೋಡುತ್ತಾರೆ. ಐದು ನಿಮಿಷದ ಕೆಲಸ. ಹೆಂಗಸರು ಮಹಿಳಾ ವೈದ್ಯರನ್ನು ಕೇಳಬಹುದು. ಅವರಿಲ್ಲದ ದಿನ ನರ್ಸಮ್ಮನವರು ಪಕ್ಕದಲ್ಲಿರಲಿ ಎಂದು ಹೇಳಬಹುದು. ಇದು ಅವರ ಹಕ್ಕು, ಯಾರೂ ಬೇಸರಪಡುವುದಿಲ್ಲ.